ಕಳ್ಳಿಗೆ ಹಿಡಿದ ಛತ್ರಿ

ನಮ್ಮ ಅತ್ತೆ ಇಪ್ಪತ್ತಕ್ಕೂ ಹೆಚ್ಚು ಗಿಡ ಕೊಂದರು. ಒಂದನ್ನೂ ಕಿತ್ತು ಒಗೆಯಲಿಲ್ಲ, ಒಂದನ್ನೂ ದನದ ಬಾಯಿಗೆ ಕೊಡಲಿಲ್ಲ. ಎಲ್ಲವನ್ನೂ ನೀರು ಹಾಕಿಯೇ ಕೊಂದರು.

ತೀರಿಹೋದವರ ಮೇಲೆ ದೂರು ಹೇಳುತ್ತಿದ್ದೇನೆ ಎಂದುಕೊಳ್ಳಬೇಡಿ. ಬದುಕಿದ್ದಾಗ ಅವರ ಮುಖದ ಮುಂದೆಯೇ ಹೇಳಿದ್ದೇನೆ. ಅವರೂ ನನಗೆ ಕಡಿಮೆ ಹೇಳಿದವರಲ್ಲ. ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವಳು ನಾನು, ಚೆಂದ ಮಾಡಿ ಬರೆಯಲು ಬರುವುದಿಲ್ಲ. ಆದದ್ದನ್ನು ಆದಂತೆ ಬರೆಯುತ್ತೇನೆ.

ನನ್ನ ತವರು ಅಥಣಿಯ ಮೂಡಣ ದಿಕ್ಕಿನ ಒಣ ಸೀಮೆ. ಎರಡು ಎಕರೆ ಮಸಾರಿ ಹೊಲ, ನಲವತ್ತು ಕುರಿ. ಮನೆಯಿಂದ ಹೊಲದ ತನಕ ದಾರಿಯ ಎರಡೂ ಕಡೆ ಕಳ್ಳಿ, ಕತ್ತಾಳೆ. ಕತ್ತಾಳೆ ಕೊಳೆಸಿ ಹಗ್ಗ ಹೊಸೆಯುತ್ತಿದ್ದೆವು. ಸುಟ್ಟ ಗಾಯಕ್ಕೆ ಲೋಳಸರ ಸೀಳಿ ಕಟ್ಟುತ್ತಿದ್ದೆವು. ಹೊಸ ಮನೆಗೆ ದೃಷ್ಟಿಯಾಗದಿರಲಿ ಎಂದು ಬೇರು ಸಹಿತ ಲೋಳಸರವನ್ನು ಬಾಗಿಲಿಗೆ ತಲೆಕೆಳಗಾಗಿ ತೂಗುಹಾಕುತ್ತಿದ್ದೆವು. ಮಣ್ಣಿಲ್ಲ, ನೀರಿಲ್ಲ, ಆದರೂ ತಿಂಗಳುಗಟ್ಟಲೆ ಹಸಿರಾಗಿಯೇ ಇರುತ್ತಿತ್ತು. ಇವಕ್ಕೆ ಯಾರೂ ನೀರು ಹಾಕುತ್ತಿರಲಿಲ್ಲ. ಕುಡಿಯುವ ನೀರಿಗೇ ಹರದಾರಿ ನಡೆಯುವವರು ಕಳ್ಳಿಗೆ ಯಾಕೆ ಹಾಕುತ್ತಾರೆ?

ಕೊಟ್ಟ ಮನೆ ಕಾಗವಾಡದ ಕಡೆ. ಕಬ್ಬು, ದ್ರಾಕ್ಷಿ, ಬಾವಿ, ಕರೆಂಟಿನ ಪಂಪು. ಅಲ್ಲಿ ಎಲ್ಲಕ್ಕೂ ಒಂದೇ ಮದ್ದು, ನೀರು. ಕಬ್ಬು ಹಳದಿಯಾಯಿತೇ, ನೀರು ಬಿಡು. ಎಮ್ಮೆ ಹಾಲು ಕಡಿಮೆ ಮಾಡಿತೇ, ಮೈ ತೊಳಿ. ಕೂಸು ಅಳುತ್ತಿದೆಯೇ, ನೀರು ಕುಡಿಸು. ಮದುವೆಯಾದ ಹೊಸತರಲ್ಲಿ ನಾನು ತವರು ನೆನೆದು ಅತ್ತಾಗಲೂ ಅತ್ತೆ ಒಂದು ತಂಬಿಗೆ ನೀರು ತಂದು ಮುಂದಿಟ್ಟಿದ್ದರು. ಅವರಿಗೆ ಗೊತ್ತಿದ್ದ ಪ್ರೀತಿ ಅದು.

ಅತ್ತೆಗೆ ಒಂದು ನೇಮವಿತ್ತು. ಕೊರಳಲ್ಲಿ ವಿಠೋಬನ ತುಳಸಿಮಾಲೆ ಹಾಕಿಕೊಂಡವರು. ಬೆಳಿಗ್ಗೆ ಸ್ನಾನ ಮಾಡಿ ಒದ್ದೆ ಸೀರೆಯಲ್ಲೇ ತುಳಸಿಗೆ ನೀರು, ಆಮೇಲೆ ಮನೆಯಲ್ಲಿ ಬೇರು ಬಿಟ್ಟು ನಿಂತ ಪ್ರತಿಯೊಂದಕ್ಕೂ ಒಂದೊಂದು ತಂಬಿಗೆ. ಅದು ಮುಗಿಯುವ ತನಕ ಬಾಯಿಗೆ ಚಹಾ ಸಹ ಇಲ್ಲ. ಜ್ವರ ಬಂದರೂ ಬಿಟ್ಟವರಲ್ಲ. ದಾಸವಾಳ, ಕರಿಬೇವು ಇರುವ ತನಕ ಈ ನೇಮದಿಂದ ಯಾರಿಗೂ ತೊಂದರೆ ಇರಲಿಲ್ಲ.

ನಮ್ಮ ಮುಂದಿನ ಕೋಣೆಯಲ್ಲಿ ಬಾಡಿಗೆಗೆ ಒಬ್ಬ ಮಾಸ್ತರರಿದ್ದರು. ಎಂಬತ್ತರ ದಶಕದ ನಡುವಿನಲ್ಲಿ ಅವರಿಗೆ ಚಿಕ್ಕೋಡಿ ಕಡೆ ವರ್ಗವಾಯಿತು. ಗಾಡಿಯಲ್ಲಿ ಜಾಗವಿಲ್ಲವೆಂದು ಅವರ ಹೆಂಡತಿ ಒಂದು ತುಕ್ಕು ಡಬ್ಬಿಯನ್ನು ನನ್ನ ಕೈಗಿಟ್ಟು ಹೋದರು. ಅದರಲ್ಲಿ ಒಂದು ದುಂಡು ಕಳ್ಳಿ, ಚೆಂಡಿಗೆ ಮುಳ್ಳು ನೆಟ್ಟಂತೆ.

"ಇದು ಹೂ ಬಿಡ್ತೈತ್ರಿ, ಅಂಗೈ ಅಗಲ," ಅಂದರು.

ನಾನು ನಂಬಲಿಲ್ಲ. ಆದರೆ ಆ ಊರಿನಲ್ಲಿ ನನ್ನ ತವರಿನ ಜಾತಿಯದು ಒಂದು ಸಿಕ್ಕಿತಲ್ಲ ಎಂದು ಇಟ್ಟುಕೊಂಡೆ.

ಅಲ್ಲಿಂದ ಚಟ ಹತ್ತಿತು. ಆ ವರ್ಷ ಮುಂದಿನ ಎರಡು ಕೋಣೆಗಳ ಮಣ್ಣಿನ ಮಾಳಿಗೆ ತೆಗೆದು ಸ್ಲ್ಯಾಬ್ ಹಾಕಿಸಿದ್ದರು. ಬೇಸಿಗೆಯಲ್ಲಿ ಅದರ ಮೇಲೆ ಬರಿಗಾಲು ಇಟ್ಟರೆ ಕುಣಿಯಬೇಕು. ಹಪ್ಪಳ, ಸಂಡಿಗೆ ಒಣಗಿಸುವುದು ಬಿಟ್ಟರೆ ಬೇರೆ ಉಪಯೋಗವಿರಲಿಲ್ಲ. ನನಗೆ ಬೇಕಾದದ್ದೂ ಅಂಥ ಜಾಗವೇ. ತೂತು ಬಿದ್ದ ಕೊಡ, ಎಣ್ಣೆ ಡಬ್ಬಿ, ಬಾಯಿ ಒಡೆದ ರಂಜಣಿಗೆ, ಟ್ರ್ಯಾಕ್ಟರಿನ ಹಳೆ ಟಯರು, ಸಿಕ್ಕಿದ್ದರಲ್ಲೆಲ್ಲ ಮಣ್ಣು ತುಂಬಿ ಗಿಡ ಹಚ್ಚಿದೆ. ತವರಿನಿಂದ ಲೋಳಸರದ ಮರಿ ತಂದೆ. ಮಂಗಸೂಳಿಗೆ ಮಲ್ಲಯ್ಯನ ದರ್ಶನಕ್ಕೆ ಹೋದಾಗ ಜೊತೆಗಿದ್ದವರೆಲ್ಲ ಬಳೆ ತಂದರು, ನಾನು ಬೇಲಿಯಿಂದ ಕಳ್ಳಿ ಮುರಿದು ತಂದೆ. ಪಾನಫುಟಿ ಎಂದು ಒಂದು ಗಿಡ, ಅದರ ದಪ್ಪ ಎಲೆ ನೆಲಕ್ಕೆ ಬಿದ್ದರೆ ಸಾಕು, ಎಲೆಯ ಅಂಚಿನಿಂದಲೇ ಸಾಲಾಗಿ ಮರಿ ಏಳುತ್ತವೆ. ಅದಕ್ಕಿಂತ ಸುಲಭದ ಬಾಣಂತನ ನಾನು ನೋಡಿಲ್ಲ.

ನಮ್ಮ ಹೊಲದ ಎರೆಮಣ್ಣು ಇವಕ್ಕೆ ವಿಷ. ಒಮ್ಮೆ ನೆನೆದರೆ ಎಂಟು ದಿನ ನೀರು ಬಿಡುವುದಿಲ್ಲ. ಅದಕ್ಕೇ ಮಾಳಿಗೆಯಿಂದ ತೆಗೆದ ಹಾಳುಮಣ್ಣು, ಸ್ಲ್ಯಾಬಿಗೆಂದು ಸತ್ತಿ ಊರಿನ ಕಡೆಯಿಂದ ತರಿಸಿ ಮಿಕ್ಕಿದ್ದ ಹೊಳೆಯ ಉಸುಕು, ಇಟ್ಟಿಗೆ ಚೂರು, ಒಂದು ಹಿಡಿ ಕುರಿ ಹಿಕ್ಕೆ ಕಲಸುತ್ತಿದ್ದೆ. ಮುರಿದು ತಂದ ತುಂಡನ್ನು ಆ ದಿನವೇ ಹಚ್ಚಬಾರದು. ನೆರಳಲ್ಲಿ ಎಂಟು ದಿನ ಬಿದ್ದಿರಬೇಕು. ಮುರಿದ ಜಾಗ ಒಣಗಿ ಚರ್ಮ ಕಟ್ಟಿದ ಮೇಲೆ ಹಚ್ಚಿದರೆ ಕೊಳೆಯುವುದಿಲ್ಲ. ಇದನ್ನು ಯಾರೂ ಕಲಿಸಿದ್ದಲ್ಲ. ಕುರಿಯ ಗಾಯ ಒಣಗಿದ ಮೇಲೆಯೇ ಅಪ್ಪ ಅದನ್ನು ಹಿಂಡಿಗೆ ಬಿಡುತ್ತಿದ್ದುದನ್ನು ನೋಡಿದ್ದೆ, ಅಷ್ಟೇ.

ಹೀಗೆ ಒಮ್ಮೆ ಹತ್ತು ಹನ್ನೆರಡು ತುಂಡುಗಳನ್ನು ಪಡಸಾಲೆಯ ಗೋಡೆಗೆ ಸಾಲಾಗಿ ಒಣಗಲು ಇಟ್ಟಿದ್ದೆ. ಹೊಲದಿಂದ ಬಂದು ನೋಡುತ್ತೇನೆ, ಎಲ್ಲವೂ ಬಕೆಟ್ಟಿನಲ್ಲಿ ತೇಲುತ್ತಿವೆ.

"ಅತ್ಯಾರ, ಇದೇನ್ ಮಾಡಿದ್ರಿ?"

"ಮತ್ತೇನ್ ಮಾಡ್ಲೆ ಯವ್ವಾ? ಜೀವ ಇದ್ದದ್ದನ್ನ ಒಣಗಾಕ ಬಿಟ್ಟು ಹೋಗಿಯಲ್ಲ, ಕರಳು ಐತೋ ಇಲ್ಲೋ ನಿನಗ?"

"ಅವಕ್ಕ ಒಣಗೂದ ಔಷಧರಿ."

"ಒಣಗೂದ ಔಷಧ ಆಗಿದ್ರ ನಿನ್ನ ತವರವ್ರು ಎಲ್ಲಾರೂ ಪೈಲ್ವಾನ್ರ ಆಗಿರ್ತಿದ್ರು."

ಮಾವ ಹೊರಗೆ ಕಟ್ಟೆಯ ಮೇಲೆ ಕೂತು ನಿಪ್ಪಾಣಿ ತಂಬಾಕು ತಿಕ್ಕುತ್ತ ನಕ್ಕರು. ಮನೆಯ ಜಗಳದಲ್ಲಿ ಅವರ ಪಾಲು ನಗುವುದಷ್ಟೇ.

ಅತ್ತೆಯ ತಂಬಿಗೆ ತಪ್ಪಿಸಲು ನಾನು ಮಾಡದ ಉಪಾಯವಿಲ್ಲ. ಡಬ್ಬಿಗಳ ತಳಕ್ಕೆ ಮೊಳೆ ಹೊಡೆದು ತೂತು ಮಾಡಿದೆ. ಕೆಳಗೆ ಸೋರುವ ನೀರು ನೋಡಿ ಅತ್ತೆ "ಪಾಪ, ಇವಕ್ಕ ಮುಟ್ಟವಲ್ದು" ಎಂದು ಎರಡೆರಡು ತಂಬಿಗೆ ಹಾಕಿದರು. ಕೆಳಗಿದ್ದ ಡಬ್ಬಿಗಳನ್ನೂ ಸ್ಲ್ಯಾಬಿನ ಮೇಲೆ ಸಾಗಿಸಿದೆ. ಅವರು ಮೊಣಕಾಲು ಹಿಡಿದುಕೊಂಡು ಹದಿನಾಲ್ಕು ಕಲ್ಲಿನ ಪಾವಟಿಗೆ ಹತ್ತಿದರು. ದುಂಡು ಕಳ್ಳಿಯ ಮೇಲೆ ಹಂಚು ಮುಚ್ಚಿದೆ. ಹಂಚು ತೆಗೆದು, ನೀರು ಹಾಕಿ, ಅದೇ ಹಂಚನ್ನು ಅದೇ ರೀತಿ ಮುಚ್ಚಿ ಇಳಿದುಹೋದರು. ಅಷ್ಟು ಶಿಸ್ತು. ಬಾಯಿಬಿಟ್ಟೇ ಹೇಳಿದೆ, ನೀರು ಹಾಕಬೇಡಿ ಎಂದು. "ನೀರು ಹಾಕಬ್ಯಾಡ ಅನ್ನೂ ಬಾಯಿ ನಮ್ಮ ಮನ್ಯಾಗ ಇದ ಮೊದಲ್ನೇದು" ಅಂದರು.

ಗಿಡಗಳು ಒಂದೊಂದೇ ಬುಡ ಮೆತ್ತಗಾಗಿ, ಹೆಚ್ಚು ಹಣ್ಣಾದ ಬಾಳೆಹಣ್ಣಿನಂತೆ ಕುಸಿದವು. ಅತ್ತೆ ಅವನ್ನು ನೋಡಿ ಓಣಿಗೆಲ್ಲ ಕೇಳುವಂತೆ ಒಂದು ಮಾತು ಅಂದರು.

"ನೀರು ನಾ ಹಾಕಾಕತ್ತೀನಿ, ಬಿಸಲು ದೇವ್ರು ಕೊಡಾಕತ್ತಾನ. ಆದ್ರೂ ಸಾಯಾಕತ್ತಾವಂದ್ರ ಹಚ್ಚಿದ ಕೈ ಛಲೋ ಇಲ್ಲ."

ಒಕ್ಕಲುತನದ ಮನೆಯಲ್ಲಿ ಇದು ಸಣ್ಣ ಮಾತಲ್ಲ. ಬಿತ್ತುವ ದಿನ ಮೊದಲ ಬೀಜವನ್ನು ಕೈಗುಣ ಇದ್ದವಳ ಉಡಿಗೆ ಹಾಕುತ್ತಾರೆ. ಆ ವರ್ಷ ಶೇಂಗಾ ಬಿತ್ತುವ ದಿನ ಅತ್ತೆ ಬೀಜವನ್ನು ಪಕ್ಕದ ಮನೆಯವಳ ಉಡಿಗೆ ಹಾಕಿದರು. ಮನೆಯ ಸೊಸೆ ನಾನು ಬುತ್ತಿ ಹೊತ್ತುಕೊಂಡು ಬದುವಿನ ಮೇಲೆ ನಿಂತಿದ್ದೆ. ಅಳಲಿಲ್ಲ. ಸಿಟ್ಟು ಬಂದಿತ್ತು. ಸಂಜೆ ರೊಟ್ಟಿ ಬಡಿಯುವಾಗ ತೀರಿಸಿಕೊಂಡೆ. ಅವತ್ತಿನ ರೊಟ್ಟಿ ಬಹಳ ತೆಳ್ಳಗೆ ಬಂದಿದ್ದವು ಎಂದು ನನ್ನ ಗಂಡ ಹೊಗಳಿದ.

ಮರುವರ್ಷ ಅತ್ತೆ ಚೈತ್ರದ ವಾರಿಗೆ ಹೊರಟರು. ಭಜನೆಯ ದಿಂಡಿಯ ಜೊತೆ ಪಂಢರಪುರಕ್ಕೆ ನಡೆದು ಹೋಗುವುದು, ಬರುವಾಗ ಮಿರಜಿನಲ್ಲಿ ಮಗಳ ಮನೆಯಲ್ಲಿ ಎಂಟು ದಿನ ಇರುವುದು. ಅಷ್ಟು ದಿನ ತಂಬಿಗೆ ಇಲ್ಲ ಎಂದು ನಾನು ಒಳಗೊಳಗೇ ಕುಣಿದೆ. ಆದರೆ ಹೊರಡುವ ದಿನ ಅತ್ತೆ ತಲೆ ಮೇಲೆ ಗಂಟು ಹೊತ್ತು, ಬಾಗಿಲಲ್ಲಿ ನಿಂತು ಎರಡು ಮಾತು ಹೇಳಿದರು.

ಮೊದಲನೆಯದು ನನಗೆ. "ನಾ ಬರೂ ದಿನಾ ಆ ಮುಳ್ಳಿನ ಡಬ್ಬಿಯೊಳಗ ಒಂದರ ಹೂ ಕಂಡಿತೋ, ಇರ್ಲಿ. ಇಲ್ಲಂದ್ರ ಎಲ್ಲಾ ತಿಪ್ಪಿಗೆ. ಮನಿ ಮ್ಯಾಲ ಹೆಣಾ ಇಟ್ಕೊಂಡು ಕೂಡಾಕ ನನ್ನ ಕಡಿಂದ ಆಗೂದಿಲ್ಲ."

ಎರಡನೆಯದು ಮಾವನಿಗೆ. "ನೋಡ್ರಿ, ಈಕಿ ಮ್ಯಾಲ ನನಗ ಭರೋಸಾ ಇಲ್ಲ. ನಾ ಬರೂ ತನಕ ನನ್ನ ನೇಮ ನೀವ ನಡಸ್ಬೇಕು. ದಿನಾ ಒಂದೊಂದು ತಂಬಗಿ, ಒಂದೂ ಬಿಡಬಾರ್ದು. ಮಾತು ಕೊಡ್ರಿ."

ಬಾಯಲ್ಲಿ ತಂಬಾಕು ಇದ್ದುದರಿಂದ ಮಾವ ತಲೆಯಾಡಿಸಿದರು. ವಾರಿಗೆ ಹೋಗುವವಳಿಗೆ ಕೊಟ್ಟ ಮಾತು ದೇವರಿಗೆ ಕೊಟ್ಟಂತೆಯೇ.

ಎರಡು ದಿನ ಮಾವ ಮಾತು ನಡೆಸಿದರು. ತಾವು ಕುಡಿಯುವ ನೀರನ್ನೂ ಒಮ್ಮೆಯೂ ತಾವೇ ತುಂಬಿಕೊಂಡವರಲ್ಲ. ಈಗ ಧೋತರದ ಚುಂಗು ಹಿಡಿದು, ತಂಬಿಗೆ ತುಳುಕಿಸುತ್ತ ಆ ಪಾವಟಿಗೆಗಳನ್ನು ಹತ್ತಿ ಇಳಿದರು. ಮೂರನೆಯ ದಿನ ನಾನು ಮೇಲಿನ ಪಾವಟಿಗೆಗೆ ಅಡ್ಡ ನಿಂತೆ.

"ಮಾವಾರ, ತಂಬಗಿ ಇಡ್ರಿ. ಒಂದ್ ತೋರಸ್ತೀನಿ."

ಲೋಳಸರದ ಒಂದು ಡಬ್ಬಿಯನ್ನು ಅವರ ಮುಂದೆ ಬೋರಲು ಹಾಕಿದೆ. ಮಣ್ಣು ಕೆಸರಾಗಿ ಬಿತ್ತು. ಬೇರು ಕಪ್ಪಗೆ, ಮುಟ್ಟಿದರೆ ಸಿಪ್ಪೆ ಜಾರುತ್ತಿತ್ತು. ಮಾವ ಒಂದು ಬೇರು ಚಿವುಟಿ ಮೂಗಿಗೆ ಹಿಡಿದರು. ದ್ರಾಕ್ಷಿ ಬಳ್ಳಿಯ ಬೇರು ಮೂಸಿ ರೋಗ ಹೇಳುವವರು ಅವರು.

"ಇದು ನೀರು ಕುಡದು ಸತ್ತೈತಲ್ಲ."

"ಇದೊಂದ ಅಲ್ರಿ. ಎಲ್ಲಾ ಹಿಂಗ ಸತ್ತಾವ."

"ಆಕಿಗೆ ಹೇಳಬೇಕಿಲ್ಲ?"

"ಹೇಳೀನ್ರಿ. ಕೇಳ್ತಾರೇನು?"

"ಅದೂ ಖರೆ," ಎಂದು ಮಾವ ಅಲ್ಲೇ ಕೂತರು. ಸ್ವಲ್ಪ ಹೊತ್ತು ಬೇರನ್ನು ಬೆರಳಲ್ಲಿ ಉರುಳಿಸಿದರು. "ತ್ವಾಟದಾಗ ನಿಂಬಿಗೆ ತಾಣ ಕೊಡ್ತೀವಿಲ್ಲ?"

ತಾಣ ಕೊಡುವುದು ಗಡಿಯಾಚೆಯಿಂದ ನಮ್ಮ ತೋಟದವರಿಗೆ ಬಂದ ಮಾತು. ಹಣ್ಣಿನ ಗಿಡಕ್ಕೆ ಬೇಕೆಂತಲೇ ನೀರು ನಿಲ್ಲಿಸುತ್ತಾರೆ. ಎಲೆ ಬಾಡುವ ತನಕ ಹಾಗೇ ಬಿಟ್ಟು, ಆಮೇಲೆ ನೀರು ಕೊಟ್ಟರೆ ಗಿಡ ಮೈತುಂಬ ಹೂ ಬಿಡುತ್ತದೆ.

"ನಿಂಬಿ ಸಾಯ್ತೈತೇನು? ಸಾಯೂದಿಲ್ಲ. ಹೆದರಿ ಹೂ ಬಿಡ್ತೈತಿ. ಇವನ್ನೂ ಒಂದೀಟು ಹೆದರಸೂಣು."

"ಅತ್ಯಾರಿಗೆ ಮಾತು ಕೊಟ್ಟೀರಲ್ರಿ?"

"ಆಕಿಗೆ ನಾನ ಹೇಳ್ತೀನಿ. ಹೂ ಬಂದ್ರ ಜಲ್ದಿ ಹೇಳ್ತೀನಿ, ಬರಲಿಲ್ಲಂದ್ರ ಸಾವಕಾಶ ಹೇಳ್ತೀನಿ."

ತಂಬಿಗೆಯ ನೀರನ್ನು ಅವರೇ ಕುಡಿದು ಇಳಿದುಹೋದರು.

ಹತ್ತು ದಿನವಾಗಿರಬೇಕು. ದುಂಡು ಕಳ್ಳಿಯ ಮೈಮೇಲೆ ಒಂದು ಕಡೆ ಬೂದು ಕೂದಲಿನ ಗುಳ್ಳೆ ಎದ್ದಿತು. ಹುಣ್ಣು ಅಂದುಕೊಂಡೆ. ಮಿಕ್ಕಿದ್ದೂ ಕೊಳೆಯಲು ಶುರುವಾಯಿತೆಂದು, ಕೆತ್ತಿ ತೆಗೆಯಲು ಈಳಿಗೆಯ ಬದಲು ಸಣ್ಣ ಚಾಕು ಹುಡುಕಿಕೊಂಡು ಬಂದೆ. ಮಾವ ಕೈ ಹಿಡಿದು ತಡೆದರು.

"ತಡಿಯವ್ವಾ. ಹುಣ್ಣಿಗೆ ತುದಿ ಇರೂದಿಲ್ಲ. ಇದು ಚೂಪ ಐತಿ."

ಎರಡೇ ದಿನಕ್ಕೆ ಅದು ಎಳೆ ಕುರಿಮರಿಯ ಬಾಲದಷ್ಟಾಯಿತು. ಬಾಲದ ಹಾಗೆಯೇ ಉಣ್ಣೆ ಉಣ್ಣೆ. ಮಾವ ದಿನಕ್ಕೆ ನಾಲ್ಕು ಸಲ ಮೇಲೆ ಹೋಗಿ ಬೆರಳಿಟ್ಟು ಅಳೆಯತೊಡಗಿದರು. ನನ್ನ ಗಂಡ ತೋಟದಿಂದ ಬಂದು "ಅಪ್ಪಾ ಎಲ್ಲಿ?" ಎಂದರೆ "ಕಳ್ಳಿ ಬಾಜೂಕ ಅದಾರ" ಎನ್ನುವುದು ರೂಢಿಯಾಯಿತು.

ಅತ್ತೆ ಗುರುವಾರ ಬೆಳಗಿನ ಬಸ್ಸಿಗೆ ಬರುತ್ತಾರೆ ಎಂದು ಮಿರಜಿನಿಂದ ಸುದ್ದಿ ಬಂತು. ಗುರುವಾರ ಬೆಳಿಗ್ಗೆ ಕಸ ಹೊಡೆಯಲು ನಾನು ಮೇಲೆ ಹೋದೆ. ಹೂ ಅರಳಿತ್ತು. ಗೇಣುದ್ದದ ಕೊಳವೆ, ಅದರ ತುದಿಗೆ ತಿಳಿ ಗುಲಾಬಿ ಬಣ್ಣದ ಹೂ, ಅಂಗೈ ಅಗಲ. ಮಾಸ್ತರರ ಹೆಂಡತಿ ಸುಳ್ಳು ಹೇಳಿರಲಿಲ್ಲ, ಪುಣ್ಯಾತಗಿತ್ತಿ. ಮಾವನನ್ನು ಕೂಗಿದೆ. ನಾನು ಕೂಗಿದ ರೀತಿಗೆ ಹಾವು ಬಂದಿದೆ ಎಂದು ಅವರು ಬಡಿಗೆ ಹಿಡಿದೇ ಬಂದರು.

ಎಂಟಕ್ಕೆ ಬರಬೇಕಾದ ಬಸ್ಸು ಬರಲಿಲ್ಲ. ಒಂಬತ್ತಾಯಿತು. ಬಿಸಿಲು ಏರಿ ಹೂವಿನ ಅಂಚು ಮೆತ್ತಗಾಗತೊಡಗಿತು. ಒಂದು ದಿನದ ಹೂ ಅದು, ನೋಡಿದರೇ ತಿಳಿಯುತ್ತಿತ್ತು. ಮಧ್ಯಾಹ್ನಕ್ಕೆ ಹಿಂಡಿದ ಬಟ್ಟೆಯಾಗುತ್ತದೆ. ಬಾಡಿದ್ದನ್ನು ಹೂವೆಂದು ಒಪ್ಪುವವರಲ್ಲ ನಮ್ಮ ಅತ್ತೆ. ಡಬ್ಬಿಯನ್ನು ಕೆಳಗೆ ನೆರಳಿಗೆ ಒಯ್ಯೋಣವೆಂದರೆ ತಳ ತುಕ್ಕು ಹಿಡಿದಿತ್ತು, ಎತ್ತಿದರೆ ಉದುರುವ ಹಾಗೆ.

ಮಾವ ಒಳಗೆ ಹೋಗಿ ತಮ್ಮ ಛತ್ರಿ ತಂದರು. ಮಳೆ ಮತ್ತು ಲಗ್ನ ಬಿಟ್ಟರೆ ಮೊಳೆಯಿಂದ ಇಳಿಯದ ಛತ್ರಿ. ಗೋಣಿತಾಟು ಹಾಸಿ, ಡಬ್ಬಿಯ ಬಾಜುವಿಗೆ ಕೂತು ಬಿಚ್ಚಿ ಹಿಡಿದರು. ಕಳ್ಳಿ ನೆರಳಿನಲ್ಲಿ, ಅವರ ತಲೆ ಬಿಸಿಲಿನಲ್ಲಿ.

ಓಣಿಗೆಲ್ಲ ಕಾಣುವ ಜಾಗ ಅದು. ಮೊದಲು ಕಂಡವಳು ಪಕ್ಕದ ಮನೆಯವಳು, ಉಡಿಗೆ ಬೀಜ ಹಾಕಿಸಿಕೊಂಡವಳು.

"ಏನ್ರಿ ಕಾಕಾ, ಯಾರಿಗೆ ನೆಳ್ಳು ಹಿಡದೀರಿ?"

"ಬೀಗರು ಬಂದಾರವಾ."

"ಯಾವ ಊರ ಬೀಗರ್ರಿ? ಚಾ ಕುಡದ್ರೇನು?"

"ಇವ್ರು ಏನೂ ಕುಡಿಯೂದಿಲ್ಲ. ಅದ ಇವರ ಛಲೋ ಗುಣ."

ಅವಳ ಹಿಂದೆ ಇನ್ನಿಬ್ಬರು ಬಂದು ನಿಂತರು. ಮಾವ ಯಾರಿಗೂ ಸೋಲಲಿಲ್ಲ. ತೋಳು ಸೋತಾಗ ಕೈ ಬದಲಿಸಿದರು, ಅಷ್ಟೇ. ನಾನು ಹಿಡಿಯುತ್ತೇನೆ ಎಂದರೆ "ನೀ ರೊಟ್ಟಿ ಮಾಡು, ಹಸದು ಬರ್ತಾಳ" ಅಂದರು.

ಹನ್ನೊಂದಕ್ಕೆ ಅತ್ತೆ ಬಂದರು. ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತ್ತಂತೆ. ಓಣಿಯ ತುದಿಯಿಂದಲೇ ಅವರಿಗೆ ಸ್ಲ್ಯಾಬಿನ ಮೇಲಿನ ಕರಿ ಛತ್ರಿ ಕಂಡಿದೆ. ಗಂಟು ಸಹ ಇಳಿಸದೆ ನೇರ ಪಾವಟಿಗೆ ಹತ್ತಿದರು. ನಾನು ಹಿಟ್ಟಿನ ಕೈಯಲ್ಲೇ ಹಿಂದೆ ಓಡಿದೆ.

ಅತ್ತೆ ಛತ್ರಿ ನೋಡಿದರು. ಗಂಡನ ಬೆವರು ನೋಡಿದರು. ಹೂ ನೋಡಿದರು. ಮೊದಲ ಮಾತು ಹೂವಿನದಾಗಿರಲಿಲ್ಲ.

"ನಲವತ್ತು ವರ್ಷ ಸಂಸಾರ ಮಾಡೀನಿ. ನನ್ನ ತಲಿಮ್ಯಾಲ ಒಂದ್ ದಿನರ ಹಿಡದೀರೇನ್ರಿ ಈ ಛತ್ರಿ?"

"ನೀ ಒಂದ ಕಡೆ ಎಲ್ಲಿ ಕುಂದರ್ತಿ, ಹಿಡಿಯಾಕ?" ಅಂದರು ಮಾವ.

ಅತ್ತೆ ಬಗ್ಗಿ ಹೂವನ್ನು ಹತ್ತಿರದಿಂದ ನೋಡಿದರು. ಮುಖ ಸಡಿಲಾಯಿತು. "ದಿನಾ ನೀರು ಹಾಕಿದ್ರಿಲ್ಲ?" ಎಂದು ಕೇಳಿದರು. ತಮ್ಮ ನೇಮವೇ ಹೂವಾಗಿದೆ ಎಂಬ ಸಮಾಧಾನ ಆ ದನಿಯಲ್ಲಿತ್ತು.

ನಾನು ಮಾವನ ಮುಖ ನೋಡಿದೆ. ಹೌದು ಎಂದರೆ ಆ ದಿನದ ಜಗಳ ತಪ್ಪುತ್ತಿತ್ತು. ಆದರೆ ಮರುದಿನದಿಂದ ಎರಡೆರಡು ತಂಬಿಗೆ ಬಿದ್ದು, ಮಳೆಗಾಲದ ಮೊದಲೇ ಎಲ್ಲವೂ ಸಾಯುತ್ತಿದ್ದವು.

"ಎರಡ ದಿನ ಹಾಕಿದೆ," ಅಂದರು ಮಾವ. "ಆಮ್ಯಾಲ ಬಿಟ್ಟೆ."

"ಮಾತು ಕೊಟ್ಟಿದ್ರಿ."

"ಕೊಟ್ಟಿದ್ದೆ, ಮುರದೆ. ನಿಂಬಿಗೆ ಕೊಟ್ಟಂಗ ತಾಣ ಕೊಟ್ಟೆ, ಹೂ ಬಿಟ್ಟಿತು. ಸೊಸಿ ಕೈ ಛಲೋ ಐತಿ. ತಪ್ಪು ನಿನ್ನ ತಂಬಗಿದು."

ಅತ್ತೆಯ ತವರಲ್ಲಿ ನಿಂಬೆಯ ತೋಟವೇ ಇತ್ತು. ನಾನು ಎರಡು ವರ್ಷ ಬಡಿದುಕೊಂಡರೂ ಹೋಗದ ಕಿವಿಗೆ ಆ ಒಂದು ಮಾತು ಹೋಯಿತು. ಅತ್ತೆ ಗಂಟು ಇಳಿಸಿ ಬಿಚ್ಚಿದರು. ಒಳಗಿನಿಂದ ಒಂದು ಬಾಟಲಿ ಬಂತು. ಪಂಢರಪುರದ ಹೊಳೆ ಚಂದ್ರಭಾಗೆಯ ನೀರು.

ಬಾವಿ ನೀರಾದರೆ ಕೈ ಹಿಡಿಯಬಹುದು. ತೀರ್ಥವನ್ನು ಬೇಡ ಎನ್ನುವ ಸೊಸೆ ನಾನೂ ಅಲ್ಲ. ಅತ್ತೆ ಬಿರಡೆ ತೆಗೆದರು. ಮಾವ ಛತ್ರಿಯನ್ನು ಸ್ವಲ್ಪ ಕೆಳಗಿಳಿಸಿದರು, ಮಳೆಗೆ ಹಿಡಿಯುವಂತೆ.

"ಸರಸ್ರಿ ಅದನ್ನ," ಎಂದು ಅತ್ತೆ ಗದರಿದರು. ಪ್ರಸಾದದ ಕಟ್ಟಿನಿಂದ ಒಂದು ತುಳಸಿ ದಳ ತೆಗೆದು, ಬಾಟಲಿಗೆ ಅದ್ದಿ, ಡಬ್ಬಿಯ ಅಂಚಿನ ಮಣ್ಣಿಗೆ ಒಂದೇ ಒಂದು ಹನಿ ಬಿಟ್ಟರು. ಆಮೇಲೆ ನನ್ನ ಕಡೆ ತಿರುಗಿದರು.

"ಇಷ್ಟು ನಡೀತೈತೇನ್ ಇದಕ್ಕ?"

"ನಡೀತೈತ್ರಿ ಅತ್ಯಾರ."

"ನಾಳಿಗೆ?"

"ನಾಳಿಗೂ ಒಂದ್ ಹನಿ ನಡೀತೈತ್ರಿ."

ಹೀಗೆ ನೇಮವೂ ಉಳಿಯಿತು, ಡಬ್ಬಿಗಳೂ ಉಳಿದವು. ಮರುದಿನದಿಂದ ಅತ್ತೆ ದಾಸವಾಳಕ್ಕೆ, ಕರಿಬೇವಿಗೆ ತಂಬಿಗೆ, ಸ್ಲ್ಯಾಬಿನ ಮೇಲಿನವಕ್ಕೆ ತುಳಸಿ ದಳದ ಒಂದೊಂದು ಹನಿ. ಮುಂಗಾರಿಗೆ ಶೇಂಗಾ ಬಿತ್ತುವ ದಿನ ಬೀಜ ನನ್ನ ಉಡಿಗೆ ಬಿತ್ತು. "ಸೆರಗು ನೆಟ್ಟಗ ಹಿಡಿ, ಚೆಲ್ತಿ" ಅಂದರು. ಅದಕ್ಕಿಂತ ಹೆಚ್ಚಿನದನ್ನು ಅವರು ಹೇಳುವವರಲ್ಲ, ನಾನು ಕಾಯುವವಳೂ ಅಲ್ಲ.

ಆ ಹೂ ಬಿಟ್ಟದ್ದು ತಾಣಕ್ಕೋ, ಚೈತ್ರದ ಬಿಸಿಲಿಗೋ, ಕಳ್ಳಿಗೆ ವಯಸ್ಸಾಯಿತೆಂದೋ ನನಗೆ ಇಂದಿಗೂ ಖಾತ್ರಿಯಿಲ್ಲ. ಮುಂದೆ ತಾಣ ಕೊಟ್ಟರೂ ಹೂ ಬಿಡದ ವರ್ಷಗಳಿದ್ದವು. ಈ ಮಾತನ್ನು ಅತ್ತೆ ಇರುವ ತನಕ ಬಾಯಿಬಿಟ್ಟು ಹೇಳಲಿಲ್ಲ.

ತೊಂಬತ್ತರ ಹೊತ್ತಿಗೆ ಸ್ಲ್ಯಾಬಿನ ಮೇಲೆ ಹಪ್ಪಳ ಹಾಕಲು ಜಾಗವಿರಲಿಲ್ಲ. ಓಣಿಯ ಹೆಂಗಸರು ಮರಿ ಕೇಳಿಕೊಂಡು ಬರುತ್ತಿದ್ದರು. ಮರಿ ಕಿತ್ತುಕೊಡುವವಳು ನಾನು, ಮಾತು ಹೇಳುವವರು ಅತ್ತೆ. "ಒಯ್ಯಿ. ಆದ್ರ ತಾಣ ಕೊಡಾಕ ಬರತೈತೇನ್ ನಿನಗ? ಇಲ್ಲಂದ್ರ ದಾಸಾಳ ಹಚ್ಚು." ಈ ವಿದ್ಯೆಯನ್ನು ಅವರೇ ಪಂಢರಪುರದಿಂದ ತಂದದ್ದೆಂದು ಊರೆಲ್ಲ ನಂಬಿತ್ತು.

ಒಮ್ಮೆ ರಾಯಬಾಗದಿಂದ ಬೀಗರು ಬಂದಿದ್ದರು. ಪಾವಟಿಗೆಯ ಬುಡದಲ್ಲಿ ಹೊಸದಾಗಿ ಹಚ್ಚಿದ ಕಳ್ಳಿಯ ಡಬ್ಬಿ ಇತ್ತು. ಬೀಗಿತಿ ಅರ್ಧ ಲೋಟ ನೀರು ಕುಡಿದು, ಉಳಿದದ್ದನ್ನು ಚೆಲ್ಲಬಾರದೆಂದು ಪಾಪ ಆ ಡಬ್ಬಿಗೆ ಸುರಿದಳು. ಪಡಸಾಲೆಯಿಂದ ಅತ್ತೆ ಒದರಿದ್ದು ಓಣಿಯ ತುದಿಗೆ ಕೇಳಿಸಿತು.

"ಏಯ್ ಏಯ್! ಕೊಲ್ಲಾಕತ್ತೀರೇನ್ರಿ ಅದನ್ನ? ಕರಳು ಐತೋ ಇಲ್ಲೋ ನಿಮಗ?"

ಕಟ್ಟೆಯ ಮೇಲೆ ತಂಬಾಕು ತಿಕ್ಕುತ್ತಿದ್ದ ಮಾವ ನನ್ನ ಕಡೆ ನೋಡಿ ನಕ್ಕರು. ಬೀಗಿತಿ ಖಾಲಿ ಲೋಟವನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ನಾನು ಒಳಗೆ ಹೋಗಿ ಇನ್ನೊಂದು ಲೋಟ ತುಂಬಿ ತಂದುಕೊಟ್ಟೆ, ಕುಡಿಯಲಿಕ್ಕೆ.